ಗೂಡೋ ಗಡಿಯೋ

ಎನ್ಸ್ಖೆಡೆ, ೨೩ ಮಾರ್ಚ್ ೧೯೫೪

ಪ್ರೀತಿಯ ರೂಲೀನ್,

ನನ್ನ ಮದುವೆಯಾಯಿತು ಕಣೆ, ನಿನ್ನೆ ಬೆಳಿಗ್ಗೆ, ಇಲ್ಲಿನ ಪುರಸಭೆಯಲ್ಲಿ, ಸಾಲಿನಲ್ಲಿ ನಾಲ್ಕನೆಯ ಜೋಡಿಯಾಗಿ.

ಒಮ್ಮೆ ಕುರ್ಚಿಯಲ್ಲಿ ಕೂತುಕೋ, ಆಮೇಲೆ ಓದು. ಹುಡುಗ ನೀನು ನೋಡಿದವನೇ. ಜನವರಿಯಲ್ಲಿ ನಮ್ಮ ಪ್ರೊಫೆಸರರ ಉಪನ್ಯಾಸ ಮುಗಿದ ಮೇಲೆ ಒಬ್ಬ ಉದ್ದ ಕತ್ತಿನವನು ಎದ್ದು ನಿಂತು, "ಹಕ್ಕಿ ಮೊಟ್ಟೆ ಮೇಲೆ ಕೂರೋಕೆ ಹುಟ್ಟುಗುಣ ಕಾರಣ ಅಂದ್ರಿ, ಒಪ್ಪಿದೆ. ಮನುಷ್ಯ ಪಿಟೀಲು ಕಲಿಯೋಕೆ ಯಾವ ಹುಟ್ಟುಗುಣ ಕಾರಣ?" ಎಂದು ಕೇಳಿದನಲ್ಲ. ನೀನು ನನ್ನ ಕಿವಿಯಲ್ಲಿ "ಪಕ್ಕದ ಮನೆಯವರನ್ನ ಗೋಳು ಹೊಯ್ಕೊಳ್ಳೋ ಹುಟ್ಟುಗುಣ" ಎಂದೆಯಲ್ಲ. ಅವನೇ. ಹಾರ್ಮೆನ್.

ಅವನು ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಮನಶ್ಶಾಸ್ತ್ರಜ್ಞ. ನೂಲು ಸುತ್ತುವ ಹುಡುಗಿಯರು ಯಾಕೆ ಮನಸ್ಸಿಟ್ಟು ದುಡಿಯುತ್ತಾರೆ, ಯಾಕೆ ಒಂದು ದಿನ ಏಪ್ರನ್ ಬಿಚ್ಚಿಟ್ಟು ಹೊರಟೇಹೋಗುತ್ತಾರೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಎಲ್ಲವೂ ಕೂಲಿಗಾಗಿ ಎಂದು ಮಾಲೀಕರು ಹೇಳಿದರೆ ಅವನ ಕತ್ತು ಕೆಂಪಾಗುತ್ತದೆ. ಒಬ್ಬೊಬ್ಬಳನ್ನೂ ಎದುರು ಕೂರಿಸಿಕೊಂಡು, ನಿನಗೆ ಬದುಕಿನಲ್ಲಿ ಏನಾಗಬೇಕು ಎಂದು ಕೇಳುತ್ತಾನೆ. ಜೀವಿಯನ್ನು ಹಿಂದಿನಿಂದ ಏನು ತಳ್ಳುತ್ತದೆ ಎಂದು ನೋಡುವವರು ನಾವು. ಮುಂದಿನಿಂದ ಏನು ಎಳೆಯುತ್ತದೆ ಎಂದು ನೋಡುವವನು ಅವನು. ಉಪನ್ಯಾಸದ ದಿನ ಶುರುವಾದ ಈ ಜಗಳ ಸ್ಟೇಷನ್ನಿನವರೆಗೂ ನಡೆಯಿತು. ಅವನಿಗೆ ರೈಲು ತಪ್ಪಿತು. ಮುಂದಿನದೂ ತಪ್ಪಿತು. ಅಷ್ಟು ಹೊತ್ತಿಗೆ ನನಗೆ ಅವನ ಕತ್ತು ಸರಿಯಾದ ಉದ್ದದಲ್ಲೇ ಇದೆ ಅನ್ನಿಸತೊಡಗಿತ್ತು.

ಇಷ್ಟು ಅವಸರ ಯಾಕೆ ಎನ್ನುತ್ತೀಯ. ಕೋಣೆ ಕಣೆ, ಕೋಣೆ. ವೆಸ್ಸೆಲಿಂಕ್ ಅಮ್ಮ ಎಂಬ ವಿಧವೆಯ ಮನೆಯ ಮಹಡಿ ಖಾಲಿಯಾಯಿತು. ಮದುವೆಯಾದವರಿಗೆ ಮಾತ್ರ ಕೊಡುತ್ತಾರೆ, ನಮ್ಮ ಹಿಂದೆ ಊರಿಡೀ ಕಾದಿತ್ತು. ಪ್ರೀತಿಗಾಗಿ ಮದುವೆಯೋ ಮಹಡಿಗಾಗಿಯೋ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ: ಎರಡು ಕಿಟಕಿ ಇವೆ, ಒಂದು ಸೇಬಿನ ಮರದ ಕಡೆಗೆ, ಇನ್ನೊಂದು ಹಾರ್ಮೆನ್ ಸೈಕಲ್ಲಿನಲ್ಲಿ ಬರುವ ದಾರಿಯ ಕಡೆಗೆ. ಎರಡರಲ್ಲೂ ನಾನೇ ನಿಂತಿರುತ್ತೇನೆ.

ನಿನ್ನನ್ನು ಕರೆಯಲಿಲ್ಲ ಎಂದು ಕೋಪ ಮಾಡಬೇಡ. ನನ್ನ ತಂದೆಯನ್ನೂ ತಂತಿ ಕಳಿಸಿಯೇ ಕರೆದದ್ದು. ಮೇ ತಿಂಗಳ ವಿಷಯ ಆಮೇಲೆ ಬರೆಯುತ್ತೇನೆ.

ತಲೆ ಗಿರ್ರೆನ್ನುತ್ತಿರುವ
ಫೆನ್ನಾ


ಗ್ರೋನಿಂಗೆನ್, ೩೦ ಮಾರ್ಚ್

ಫೆನ್ನಾ,

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಹೂವಿನ ಚಿತ್ರದ ಕಾರ್ಡನ್ನು ಬೇರೆಯಾಗಿ ಕಳಿಸಿದ್ದೇನೆ. ಇದು ಪತ್ರ.

ಎರಡು ಹಾಳೆ ಬರೆದಿದ್ದೀಯ. ಅವನ ಕತ್ತಿಗೆ ಮೂರು ಸಾಲು, ಕಿಟಕಿಗೆ ಎರಡು, ಮೇ ತಿಂಗಳಿಗೆ ಒಂದು. ಆ ಒಂದು ಸಾಲನ್ನೇ ನಾನು ತಿರುಗಿಸಿ ತಿರುಗಿಸಿ ಓದುತ್ತಿದ್ದೇನೆ.

ನೀನು ಮರೆತಂತಿದೆ, ಅದಕ್ಕೆ ಬರೆಯುತ್ತೇನೆ. ವ್ಲೀಲಾಂಡ್ ದ್ವೀಪದಲ್ಲಿ ನಮಗೆ ಇದು ಮೂರನೆಯ ಬೇಸಿಗೆ. ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಕಡಲಹಕ್ಕಿಗಳು ಹಳೆಯ ಜೋಡಿಯಾಗಿಯೇ ಹಳೆಯ ಜಾಗಕ್ಕೇ ಬರುತ್ತವೆಯೇ, ಬಂದರೆ ಅದು ಬರೀ ಹುಟ್ಟುಗುಣವೋ, ನೆನಪೋ, ಅಥವಾ ಅದಕ್ಕೂ ಮೀರಿದ ಏನೋ ಒಂದೋ ಎಂಬುದು ನಿನ್ನ ಪ್ರಶ್ನೆ, ನನ್ನದಲ್ಲ. ನಿನ್ನ ಪ್ರಬಂಧ ಅದರ ಮೇಲೆ ನಿಂತಿದೆ. ಎರಡು ವರ್ಷದ ನೋಟ ಯಾವುದಕ್ಕೂ ಸಾಲದು ಎಂದು ನೀನೇ ಹೇಳುತ್ತಿದ್ದೆ.

ಒಬ್ಬಳೇ ಮಾಡೋಣವೆಂದರೆ ಆಗದು. ಹಕ್ಕಿಗಳನ್ನು ಅವಿತು ನೋಡುವ ಡೇರೆಯೊಳಗೆ ಇಬ್ಬರು ಹೋಗಿ ಒಬ್ಬರು ಹೊರಬಂದು ನಡೆದುಬಿಟ್ಟರೆ, ಡೇರೆ ಖಾಲಿಯಾಯಿತೆಂದು ಹಕ್ಕಿಗಳು ಸುಮ್ಮನಾಗುತ್ತವೆ. ಪಾಪ, ಅವಕ್ಕೆ ಲೆಕ್ಕ ಬರದು. ಒಬ್ಬಳೇ ಹೋಗಿ ಕೂತರೆ ದಿನವಿಡೀ ತಲೆಯ ಮೇಲೆ ಅರಚುತ್ತವೆ.

ಮದುವೆಯಾದ ಹೆಂಗಸಿಗೆ ಸಂಬಳ ಕೊಡುವಂತಿಲ್ಲ ಎಂಬ ನಿಯಮ ನಿನಗೂ ಗೊತ್ತು. ಪ್ರೊಫೆಸರರು ಅರ್ಧ ದಿನ ಮುಖ ಸಿಂಡರಿಸಿಕೊಂಡಿದ್ದು ಕೊನೆಗೆ, ಅತಿಥಿಯಾಗಿ ಬರಬಹುದು ಎಂದರು. ಊಟ, ಡೇರೆ, ದೋಣಿಯ ಟಿಕೆಟ್ಟು. ಗಂಡನ ಒಪ್ಪಿಗೆಯ ಸಹಿ ಬೇಕಂತೆ.

ಬರುತ್ತೀಯಾ?

ರೂಲೀನ್


ಎನ್ಸ್ಖೆಡೆ, ೫ ಏಪ್ರಿಲ್

ನನ್ನ ರೂಲೀನ್,

ನಿನ್ನ ಪತ್ರ ಬಂದ ದಿನ ನಾನು ಪರದೆಗಳನ್ನೆಲ್ಲ ಇಳಿಸಿ ನೆನೆಹಾಕಿದ್ದೆ, ಅದಕ್ಕೆ ತಡವಾಯಿತು. ಮರುದಿನ ಕಪಾಟಿಗೆ ಹಳದಿ ಬಣ್ಣ ಬಳಿದೆ. ಒಣಗಿದ ಮೇಲೆ ಹಳದಿ ಸರಿಯಿಲ್ಲ ಅನ್ನಿಸಿ ಹಸಿರು ಬಳಿದೆ. ಹೊಸಿಲ ಮುಂದಿನ ಕಲ್ಲನ್ನಂತೂ ದಿನಾ ಉಜ್ಜುತ್ತೇನೆ. ಎದುರು ಮನೆಯಾತ ಸೈಕಲ್ ನಿಲ್ಲಿಸಿ, "ನಿಧಾನ ತಾಯಿ, ಹೀಗೇ ತಿಕ್ಕಿದ್ರೆ ಕೆಳಗಿನ ನೆಲಮಾಳಿಗೆ ಕಾಣುತ್ತೆ" ಎಂದ. ವೆಸ್ಸೆಲಿಂಕ್ ಅಮ್ಮನಿಗೆ ಮಾತ್ರ ನನ್ನ ಮೇಲೆ ಪ್ರೀತಿ ಉಕ್ಕಿದೆ. ನೀರು ಜಾಸ್ತಿ ಖರ್ಚಾಗುತ್ತದೆ ಎಂದು ಗೊಣಗುತ್ತಲೇ ನನಗೆ ಕಾಫಿ ಕೊಡುತ್ತಾಳೆ. ಒಂದು ಬಿಸ್ಕತ್ತು, ತಕ್ಷಣ ಡಬ್ಬಿಯ ಮುಚ್ಚಳ ಟಪ್ ಎಂದು ಮುಚ್ಚುತ್ತದೆ. ನನ್ನ ಅತ್ತೆಯ ಮನೆಯಲ್ಲೂ ಹಾಗೆಯೇ. ಈ ಊರಿನ ಎಲ್ಲ ಡಬ್ಬಿಗಳಿಗೂ ಒಂದೇ ಸದ್ದು.

ಎಷ್ಟು ಸುಖವಾಗಿದ್ದೇನೆ ಗೊತ್ತೇ? ಸಂಜೆ ಹಾರ್ಮೆನ್ ಬಂದರೆ ಆಲೂಗೆಡ್ಡೆ ತಣ್ಣಗಾಗುವವರೆಗೂ ಮಾತು. ಅಮೆರಿಕದಿಂದ ಒಂದು ಏಣಿ ಬಂದಿದೆಯಂತೆ: ಮೊದಲ ಮೆಟ್ಟಿಲಲ್ಲಿ ಹಸಿವು, ಆಮೇಲೆ ತಲೆಯ ಮೇಲೊಂದು ಸೂರು, ಆಮೇಲೆ ನಂಟು, ಅದರ ಮೇಲೆ ಮರ್ಯಾದೆ, ತುದಿಯಲ್ಲಿ ತಾನು ಏನಾಗಬಲ್ಲೆನೋ ಅದಾಗುವುದು. ಕೆಳಗಿನದು ತುಂಬದೆ ಮೇಲಿನದು ಕಾಡುವುದಿಲ್ಲವಂತೆ. ಸೂರು ಸಿಕ್ಕಿತು, ನಂಟೂ ಆಯಿತು, ನಾನೀಗ ಯಾವ ಮೆಟ್ಟಿಲಲ್ಲಿ ಇದ್ದೇನೆ ಎಂದು ಕೇಳಿದೆ. "ಬಣ್ಣದ ಡಬ್ಬಿ ಹಿಡ್ಕೊಂಡು ಮೂರನೇ ಮೆಟ್ಟಿಲಲ್ಲಿ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಪಾತ್ರೆಗಳನ್ನು ಎರಡು ಸಲ ತೊಳೆದೆ.

ಮೇ ತಿಂಗಳ ಬಗ್ಗೆ ಅವನನ್ನು ಇನ್ನೂ ಕೇಳಿಲ್ಲ. ಕೇಳಿದರೆ ಬೇಡ ಎನ್ನುವವನಲ್ಲ, ಕಷ್ಟವಿರುವುದೇ ಅಲ್ಲಿ. ಮದುವೆಯಾದ ಬೆನ್ನಿಗೇ ಗಂಡನನ್ನು ಬಿಟ್ಟು ಎರಡು ತಿಂಗಳು ದ್ವೀಪದಲ್ಲಿ ಕೂರಬೇಕು ಎನ್ನುವವಳಿಗೆ ಆ ಗಂಡನ ಮೇಲೆ ಇರುವುದೇನು ಎಂದು ಅವನು ಯೋಚಿಸಿಯಾನು. ಅವನು ಯೋಚಿಸದಿದ್ದರೆ ನಾನೇ ಯೋಚಿಸಿಯೇನು. ಸ್ವಲ್ಪ ಸಮಯ ಕೊಡು. ಇನ್ನು ಮೆಟ್ಟಿಲ ಕಂಬಿ ಬಾಕಿ ಇದೆ, ಅದಕ್ಕೆ ಬಿಳಿ ಬಳಿಯೋಣವೆಂದಿದ್ದೇನೆ.

ಮುತ್ತುಗಳೊಂದಿಗೆ,
ಫೆನ್ನಾ


ಗ್ರೋನಿಂಗೆನ್, ೯ ಏಪ್ರಿಲ್

ಫೆನ್ನಾ,

ಎರಡು ಗಂಡು ಕಡಲಹಕ್ಕಿಗಳು ತಮ್ಮ ತಮ್ಮ ಜಾಗದ ಗಡಿಯಲ್ಲಿ ಎದುರುಬದುರಾದಾಗ ಏನು ಮಾಡುತ್ತವೆ? ಮೇಲೆ ಬೀಳಲು ಭಯ, ಓಡಿಹೋಗಲು ಹಠ. ಎರಡು ಒತ್ತಡ ಸಮಸಮ ಆದಾಗ ಎರಡನ್ನೂ ಬಿಟ್ಟು ಸಂಬಂಧವೇ ಇಲ್ಲದ ಮೂರನೆಯ ಕೆಲಸಕ್ಕೆ ಇಳಿಯುತ್ತವೆ. ತಲೆ ತಗ್ಗಿಸಿ ರಪರಪನೆ ಹುಲ್ಲು ಕೀಳುತ್ತವೆ. ಇದನ್ನು ನನಗೆ ಮೊದಲ ಬೇಸಿಗೆಯಲ್ಲಿ ಡೇರೆಯ ತೂತಿನಿಂದ ತೋರಿಸಿಕೊಟ್ಟವಳು ನೀನು.

ಪರದೆ, ಕಪಾಟು, ಕಲ್ಲು, ಕಂಬಿ. ನೀನು ಹುಲ್ಲು ಕೀಳುತ್ತಿದ್ದೀಯ ಕಣೆ.

ನಿನಗೆ ಬರುವ ಮನಸ್ಸಿದೆಯೋ ಇಲ್ಲವೋ ಅಷ್ಟು ಹೇಳು. ಇಲ್ಲ ಎಂದರೂ ಸರಿ, ಅದನ್ನು ನಾನು ನುಂಗಿಕೊಳ್ಳುತ್ತೇನೆ.

ರೂಲೀನ್


ಎನ್ಸ್ಖೆಡೆ, ೧೨ ಏಪ್ರಿಲ್

ರೂಲೀನ್,

ನಾನು ಹಕ್ಕಿಯಲ್ಲ. ಹೊಸ ಮನೆ ಹೂಡಿದವಳು ಮನೆ ತೊಳೆದರೆ ಅದಕ್ಕೊಂದು ಸಿದ್ಧಾಂತ ಬೇಕಿಲ್ಲ. ಡೇರೆಯ ತೂತಿನಿಂದ ಲೋಕ ನೋಡಿ ನೋಡಿ ನಿನಗೆ ಮನುಷ್ಯರೂ ಹಾಗೆಯೇ ಕಾಣುತ್ತಿದ್ದಾರೆ.

ಫೆನ್ನಾ


ಗ್ರೋನಿಂಗೆನ್, ೨೧ ಏಪ್ರಿಲ್
(ಕಾರ್ಡಿನಲ್ಲಿ)

ಈ ೨೯ಕ್ಕೆ, ರಾಣಿಯ ಹುಟ್ಟುಹಬ್ಬದ ಹಿಂದಿನ ದಿನ, ನಾನು ಒಂದು ಹೆಸರು ಕೊಡಬೇಕು. ಅದು ನಿನ್ನದಾಗದಿದ್ದರೆ ಲೈಡನ್ನಿನ ಒಬ್ಬ ವಿದ್ಯಾರ್ಥಿ ಬರುತ್ತಾನೆ. ಎರಡು ವರ್ಷದ ನಿನ್ನ ಟಿಪ್ಪಣಿಗಳನ್ನು ಅವನಿಗೆ ಒಪ್ಪಿಸಬೇಕೆಂದು ಪ್ರೊಫೆಸರರು ಹೇಳಿದ್ದಾರೆ. ಪ್ರಶ್ನೆಯೂ ಅವನದಾಗುತ್ತದೆ. ಇನ್ನು ನಾನು ಬರೆಯುವುದಿಲ್ಲ. ರೂಲೀನ್.


ಎನ್ಸ್ಖೆಡೆ, ೨೬ ಏಪ್ರಿಲ್

ರೂಲೀನ್,

ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಪೂರ್ತಿ ಓದುವ ತಾಳ್ಮೆ ಇಲ್ಲದಿದ್ದರೆ ಇಷ್ಟು ಸಾಕು: ನನ್ನ ಹೆಸರು ಕೊಡು.

ಈಗ ಕೇಳು. ನಿನ್ನೆ ಭಾನುವಾರ ಅತ್ತೆಯ ಅರವತ್ತನೆಯ ಹುಟ್ಟುಹಬ್ಬ. ಗೋಡೆಗೆ ಒರಗಿಸಿ ದುಂಡಗೆ ಹಾಕಿದ ಕುರ್ಚಿಗಳು, ಚಿಕ್ಕಮ್ಮಂದಿರು, ಚಿಕ್ಕಪ್ಪಂದಿರು, ನೆರೆಯವರು. ನಮ್ಮವರ ಪದ್ಧತಿ ನಿನಗೆ ಹೇಳಬೇಕೇ: ಹುಟ್ಟಿದವರು ಒಬ್ಬರಾದರೂ ಅಭಿನಂದನೆ ಮನೆಯವರಿಗೆಲ್ಲ. ಸೊಸೆಯ ಕೈಯನ್ನೂ ಕುಲುಕಿ ಅಭಿನಂದನೆ ಎನ್ನಬೇಕು. ನಾನು ಸುತ್ತಿನ ಒಂದು ತುದಿಯಿಂದ ಶುರು ಮಾಡಿ ಎಲ್ಲರಿಗೂ ನಿಮಗೂ ಹಾಗೇ, ನಿಮಗೂ ಹಾಗೇ ಎನ್ನುತ್ತಾ ಹೋದೆ. ಒಬ್ಬ ಚಿಕ್ಕಮ್ಮ ಕೈ ಬಿಡಲೇ ಇಲ್ಲ, ಕಣ್ಣು ಒರೆಸಿಕೊಂಡಳು. ಅತ್ತೆಯೆಂದರೆ ಇವರಿಗೆ ಇಷ್ಟೊಂದು ಪ್ರೀತಿಯೇ ಎಂದುಕೊಂಡೆ. ಪಕ್ಕದಲ್ಲಿದ್ದ ಚಿಕ್ಕಪ್ಪ ಬಗ್ಗಿ, "ಯಾವಾಗಮ್ಮಾ?" ಎಂದು ಪಿಸುಗುಟ್ಟಿದ. ಮದುವೆಯ ವಿಷಯ ಕೇಳುತ್ತಿದ್ದಾನೆಂದು ತಿಳಿದು, "ಆಗಲೇ ಆಯ್ತಲ್ಲ, ಮಾರ್ಚಿನಲ್ಲಿ" ಎಂದೆ. ಅವನು ಕೈಯಲ್ಲಿದ್ದ ಕಾಫಿಯನ್ನು ಮಡಿಲಿಗೆ ಚೆಲ್ಲಿಕೊಂಡ.

ಎಲ್ಲರೂ ಕೂತರು. ಅತ್ತೆ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಒಂದೊಂದು ಕೊಟ್ಟು ಸುತ್ತು ಮುಗಿಸಿ ಮುಚ್ಚಳ ಹಾಕಿದರು. ಆಮೇಲೆ ನನ್ನ ಮುಂದೆ ನಿಂತು ಮುಚ್ಚಳವನ್ನು ಮತ್ತೆ ತೆಗೆದರು. ಆ ಮನೆಯಲ್ಲಿ ಯಾರಿಗಾದರೂ ಎರಡನೆಯ ಬಿಸ್ಕತ್ತು ಸಿಕ್ಕಿದ್ದು ನನ್ನ ಮಾವ ಸಾಯುವ ಮುಂಚಿನ ವಾರವಂತೆ, ಅದೂ ವೈದ್ಯರು ಹೇಳಿದ್ದರಿಂದ.

"ತಗೋ ಇಂಗ್ಲಿಷಮ್ಮ" ಎಂದರು. ಯುದ್ಧದ ವರ್ಷಗಳಲ್ಲಿ ನಾನು ಇಂಗ್ಲೆಂಡಿನ ಶಾಲೆಯಲ್ಲಿ ಓದಿದವಳೆಂದು ಅವರು ನನ್ನನ್ನು ಕರೆಯುವುದೇ ಹಾಗೆ. "ನೀನೀಗ ಇಬ್ಬರಿಗಾಗಿ ತಿನ್ಬೇಕು."

ನಾನು ಹಾರ್ಮೆನ್‌ನನ್ನು ನೋಡಿದೆ. ಅವನ ಕತ್ತು ಕೆಳಗಿನಿಂದ ಮೇಲಕ್ಕೆ ಕೆಂಪೇರುತ್ತಿತ್ತು.

ಆದದ್ದು ಇಷ್ಟು. ವೆಸ್ಸೆಲಿಂಕ್ ಅಮ್ಮ ಅವನನ್ನು ಮೆಟ್ಟಿಲ ಬಳಿ ತಡೆದು, ನಿಮ್ಮಾಕೆ ತೊಳೆಯುವುದು ಬಳಿಯುವುದು ನೋಡಿದರೆ ಗೂಡು ಕಟ್ಟುತ್ತಿದ್ದಾಳೆ, ನಾನೂ ಮೂರು ಹೆತ್ತವಳು, ನನಗೆ ಗೊತ್ತಾಗದೇ ಎಂದಳಂತೆ. ಇವನು ನಂಬಿದ. ಅಷ್ಟೆಲ್ಲ ಸಿದ್ಧಾಂತಗಳನ್ನು ಓದಿದವನು, ಹುಟ್ಟುಗುಣವೆಂದರೆ ಎದ್ದು ನಿಂತು ಪ್ರಶ್ನೆ ಕೇಳುವವನು, ನಂಬಿದ. ನಾನೇ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಾ, ಕಾಯಲಾರದೆ ತಾಯಿಗೆ ಹೇಳಿದ.

ರೂಲೀನ್, ನಮ್ಮ ಹೊಸ ವಿದ್ಯಾರ್ಥಿಗಳು ದ್ವೀಪಕ್ಕೆ ಬಂದ ಮೊದಲ ವಾರ ಮಾಡುವ ತಪ್ಪು ಇದೇ ಅಲ್ಲವೇ? ಕೊಕ್ಕಿನಲ್ಲಿ ಹುಲ್ಲು ಕಂಡ ಕೂಡಲೇ ಗೂಡು ಎಂದು ಬರೆದುಕೊಳ್ಳುತ್ತಾರೆ. ಹಕ್ಕಿ ನಿಂತಿರುವುದು ಎಲ್ಲಿ, ಗೂಡಿನಲ್ಲೋ ಗಡಿಯಲ್ಲೋ ಎಂದು ನೋಡುವುದಿಲ್ಲ.

ಎಲ್ಲರ ಮುಂದೆ ಹೇಳಿಬಿಟ್ಟೆ. "ನಾನು ಬಸುರಿಯಲ್ಲ. ನಂಗೆ ಮೇ ತಿಂಗಳಲ್ಲಿ ವ್ಲೀಲಾಂಡಿಗೆ ಹೋಗ್ಬೇಕು."

ಒಬ್ಬ ಚಿಕ್ಕಮ್ಮ ಅಲ್ಲೇನಿದೆ ಎಂದು ಕೇಳಿದಳು. ಹಕ್ಕಿಗಳು ಎಂದೆ. ಹಕ್ಕಿಗಳು ಇಲ್ಲೂ ಇವೆಯಲ್ಲ ಎಂದಳು, ಬಹಳ ಮೃದುವಾಗಿ, ಜ್ವರ ಬಂದವರಿಗೆ ಹೇಳುವ ಹಾಗೆ. ಅತ್ತೆ ಮಾತ್ರ ಡಬ್ಬಿ ಹಿಡಿದು ನಿಂತೇ ಇದ್ದರು.

"ಕಟ್ಟುಪಾಡಿಗೆ ಹೋಗ್ತಿದ್ದೀಯೋ, ಮನಸ್ಸಿದೆ ಅಂತ ಹೋಗ್ತಿದ್ದೀಯೋ?"

"ಮನಸ್ಸಿದೆ ಅತ್ತೆ."

"ಅದನ್ನ ಮೊದ್ಲೇ ಹೇಳೋದಲ್ವಾ. ನಾನು ಟೋಪಿ ಹೆಣೆಯೋಕೆ ಶುರು ಮಾಡಿದ್ದೆ." ನಾನು ಬಿಸ್ಕತ್ತನ್ನು ಡಬ್ಬಿಗೆ ಹಿಂದಿರುಗಿಸಲು ಹೋದರೆ ಕೈ ತಳ್ಳಿದರು. "ಮುಟ್ಟಿದ್ದೀಯ, ತಿನ್ನು."

ತಿಂದೆ.

ಸೈಕಲ್ಲಿನಲ್ಲಿ ಮನೆಗೆ ಮರಳುವಾಗ, ಕಾಲುವೆಯ ಬಳಿ ಹಾರ್ಮೆನ್ ಇಳಿದು ನಿಂತ. ನೀನು ಹೇಳಲಿಲ್ಲ ಎಂದ. ನೀನು ಕೇಳಲಿಲ್ಲ ಎಂದೆ. ಈ ಎರಡು ವಾಕ್ಯಗಳನ್ನು ಹಿಂದೆ ಮುಂದೆ ಮಾಡಿ ಎಷ್ಟು ಸಲ ಆಡಿದೆವೋ. ಕೊನೆಗೆ ಅವನು, "ಗಿರಣೀಲಿ ಒಬ್ಬೊಬ್ಬಳನ್ನೂ ಕೂರಿಸ್ಕೊಂಡು ಕೇಳ್ತೀನಿ. ಮನೇಲಿರೋಳು ಗೊತ್ತಿರೋಳೇ ಅಂದ್ಕೊಂಡ್ಬಿಟ್ಟೆ" ಎಂದ. ನಾನೂ ಅವನ ಉತ್ತರವನ್ನು ನಾನೇ ಬರೆದುಕೊಂಡು ಒಂದು ತಿಂಗಳು ಹೊತ್ತು ತಿರುಗಿದ್ದೆನಲ್ಲ, ಅದನ್ನು ಹೇಳಿದೆ. ಹೇಳಿ ಹಗುರಾಗಬೇಕಿತ್ತು. ಅಷ್ಟರಲ್ಲಿ ಅವನು ನೀರಿನ ಕಡೆ ತಿರುಗಿ ನಿಂತು ಹೇಳಿದ:

"ಮಗು ಅಂದ್ಕೊಂಡಿದ್ದ ಅಷ್ಟೂ ದಿನ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ ಫೆನ್ನಾ."

ಗೊತ್ತಿರಲಿಲ್ಲ. ಅವನಿಗೆ ಅದು ಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ತಳ್ಳುವುದು, ಮುಂದಿನಿಂದ ಎಳೆಯುವುದು ಎಂದು ಇಡೀ ಚಳಿಗಾಲ ವಾದಿಸಿದ ಇಬ್ಬರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೆ ಏನು ಬೇಕೆಂದು ತಿಳಿದಿರಲಿಲ್ಲ.

ಇವತ್ತು ಬೆಳಿಗ್ಗೆ ಒಪ್ಪಿಗೆಗೆ ಸಹಿ ಹಾಕಿದ. ನಿನ್ನ ಕಾಲು ನಿನ್ನವು, ಅವು ಹೊರಡೋಕೆ ನನ್ನ ಸಹಿ ಯಾಕೆ ಎಂದು ಗೊಣಗುತ್ತಾ ಎಷ್ಟು ಒತ್ತಿ ಬರೆದನೆಂದರೆ ಕಾಗದ ಹರಿದಿದೆ. ಹಾಗೆಯೇ ಕಳಿಸುತ್ತಿದ್ದೇನೆ. ನಗುನಗುತ್ತಾ ಹಾಕಿದನೆಂದು ನಿನಗೆ ಸುಳ್ಳು ಹೇಳಲಾರೆ.

ಹುಲ್ಲಿನ ಮಾತಿಗೆ ನಿನ್ನನ್ನು ಬೈದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೆಸರು ಕೊಡು.

ನಿನ್ನ
ಫೆನ್ನಾ


ಗ್ರೋನಿಂಗೆನ್, ೨೯ ಏಪ್ರಿಲ್

ಫೆನ್ನಾ,

ಕೊಟ್ಟೆ. ಹರಿದ ಸಹಿಯನ್ನು ನೋಡಿ ಪ್ರೊಫೆಸರರು, ಗಂಡ ಹೊಡೆಯುತ್ತಾನೆಯೇ ಎಂದು ಕೇಳಿದರು. ಇಲ್ಲ, ಮನಶ್ಶಾಸ್ತ್ರಜ್ಞ ಎಂದೆ.

ನಿನ್ನ ಅತ್ತೆಗೆ ಆ ಟೋಪಿಯನ್ನು ಬಿಚ್ಚಿ ಕಾಲುಚೀಲ ಹೆಣೆಯಲು ಹೇಳು. ಡೇರೆಯಲ್ಲಿ ಚಳಿ ಹೇಗಿರುತ್ತದೆಂದು ನಿನಗೇ ಗೊತ್ತು. ಅಥವಾ ಬಿಡು, ಬಿಚ್ಚುವುದು ಬೇಡ. ಇರಲಿ.

ನೀನು ಬಾರದಿದ್ದರೆ ನಾನೂ ಹೋಗುತ್ತಿರಲಿಲ್ಲ. ಲೈಡನ್ನಿನವನೊಬ್ಬನನ್ನೇ ಕಳಿಸುತ್ತಿದ್ದೆ, ಅವನ ತಲೆಯ ಮೇಲೆ ಅವು ಅರಚಲಿ ಎಂದು. ಯಾವ ರೈಲು ಎಂದು ಬರೆ.

ರೂಲೀನ್


ಎನ್ಸ್ಖೆಡೆ, ೩ ಮೇ

ನನ್ನ ರೂಲೀನ್,

ಹೊರಡುವ ಚೀಲ ಬಾಗಿಲ ಬಳಿಯೇ ಇದೆ. ಹಾರ್ಮೆನ್ ಅದನ್ನು ಸುತ್ತು ಹಾಕಿಕೊಂಡು ಓಡಾಡುತ್ತಾನೆ, ಎಡವುವುದಿಲ್ಲ, ಸರಿಸುವುದೂ ಇಲ್ಲ. ಹೊಸಿಲ ಕಲ್ಲನ್ನು ನಾನು ಉಜ್ಜಿ ಒಂದು ವಾರವಾಯಿತು. ವೆಸ್ಸೆಲಿಂಕ್ ಅಮ್ಮನಿಗೆ ಎರಡು ದುಃಖ: ಗೂಡು ಸುಳ್ಳಾಯಿತು, ಕಲ್ಲು ಕೊಳೆಯಾಯಿತು. ಹೊಸ ಮದುವಣಗಿತ್ತಿ ಒಬ್ಬಳೇ ದ್ವೀಪಕ್ಕೆ ಹೋಗುವುದು ಅವಳ ಕಾಲದಲ್ಲಿ ಇರಲಿಲ್ಲವಂತೆ. ಅವಳ ಕಾಲದಲ್ಲೂ ದ್ವೀಪ ಅಲ್ಲೇ ಇತ್ತಲ್ಲ ಎಂದು ಹಾರ್ಮೆನ್ ಹೇಳಿದ. ನನ್ನ ಪರವಾಗಿ ಅವನು ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಅವನಿಗೇ ಸಂಕಟವಾಯಿತು.

ಈಗ ನಾವು ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದೇವೆ. ಊಟದ ಹೊತ್ತಿಗೆ ಒಬ್ಬರಿಗೆ ಒಂದು ಪ್ರಶ್ನೆ. ಮೊದಲ ದಿನ ಅವನು, ಅಲ್ಲಿ ನಿನಗೆ ಸಿಗುವುದೇನು ಎಂದು ಕೇಳಿದ. ನಾನು ಹೆಸರಿಗಾಗಿ ಎಂದೆ, ಅದಲ್ಲ. ಪ್ರಬಂಧಕ್ಕಾಗಿ ಎಂದೆ, ಅದೂ ಪೂರ್ತಿ ಅಲ್ಲ. ಆಮೇಲೆ ಹೇಳಿದೆ: ಬೆಳಿಗ್ಗೆ ಮರಳದಿಬ್ಬದ ಮೇಲೆ ಹಸಿರು ಉಂಗುರದ ಹೆಣ್ಣು ಹಕ್ಕಿ ಬಂದು ಇಳಿಯುತ್ತದೋ ಇಲ್ಲವೋ ಎಂದು ಕಾಯುವಾಗ ನನಗೆ ಬೇರೆ ಏನೂ ಬೇಕಾಗಿರುವುದಿಲ್ಲ. ಅವನು, ಇದು ನನ್ನ ಏಣಿಯಲ್ಲಿ ಯಾವ ಮೆಟ್ಟಿಲೂ ಅಲ್ಲ ಎಂದ. ನಿಮ್ಮ ಹುಟ್ಟುಗುಣದಲ್ಲೂ ಇದಕ್ಕೆ ಜಾಗವಿಲ್ಲ ಎಂದ. ಗೆದ್ದವನ ಹಾಗೆ ಹೇಳಲಿಲ್ಲ, ಸೋತವನ ಹಾಗೂ ಅಲ್ಲ.

ನಾನು ಕೇಳಿದ್ದು ಮಗುವಿನ ಬಗ್ಗೆ. ಅವನ ಉತ್ತರವನ್ನು ನಿನಗೆ ಬರೆಯುವುದಿಲ್ಲ, ಅದು ಅವನದು. ನನ್ನ ಉತ್ತರ ನನಗೇ ತಿಳಿಯದು; ತಿಳಿಯದೆಂದೇ ಹೇಳಿದೆ.

ನಿನಗೊಂದು ನಿಜ ಹೇಳಲೇ. ಹೋಗುವ ಆಸೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಅವನನ್ನು ಬಿಟ್ಟು ಹೋಗಬೇಕೆಂದರೆ ಮನಸ್ಸೇ ಬರುವುದಿಲ್ಲ. ಎರಡರಲ್ಲಿ ಯಾವುದೋ ಒಂದು ಸುಳ್ಳಿರಬೇಕು ಎಂದು ಮೊದಲು ಹುಡುಕುತ್ತಿದ್ದೆ. ಈಗ ಹುಡುಕುವುದನ್ನು ಬಿಟ್ಟಿದ್ದೇನೆ. ಎರಡನ್ನೂ ಹೊತ್ತುಕೊಂಡೇ ರೈಲು ಹತ್ತುತ್ತೇನೆ.

ನನ್ನನ್ನು ಕಳಿಸಿಕೊಡಲು ಸ್ಟೇಷನ್ನಿಗೆ ಬರುತ್ತೀಯಾ ಎಂದು ನಿನ್ನೆ ಕೇಳಿದೆ. ಖುಷಿಯಿಂದ ಬರಲು ಆಗುತ್ತದೋ ಇಲ್ಲವೋ ನೋಡಿಕೊಂಡು ಶುಕ್ರವಾರ ಹೇಳುತ್ತೇನೆ, ಸುಮ್ಮನೆ ಕರವಸ್ತ್ರ ಬೀಸಲು ಬರುವುದಿಲ್ಲ ಎಂದ. ಸರಿ ಎಂದೆ. ಮೊದಲಾಗಿದ್ದರೆ ಆ ಮಾತಿನ ಹಿಂದೆ ಏನಿದೆ ಎಂದು ಕೆದಕುತ್ತಿದ್ದೆ.

ಶುಕ್ರವಾರ ಅವನು ಏನೇ ಹೇಳಲಿ, ಶನಿವಾರ, ಮೇ ಎಂಟನೆಯ ತಾರೀಕು, ಲೇವಾರ್ಡನ್ ಕಡೆಯಿಂದ, ನಮ್ಮ ದೋಣಿ ಹೊರಡುವ ಹಾರ್ಲಿಂಗೆನ್ ಬಂದರಿಗೆ ಎರಡು ಗಂಟೆಗೆ ಬರುವ ರೈಲಿನಲ್ಲಿ ನಾನು ಇರುತ್ತೇನೆ.

ಫೆನ್ನಾ